‘ಇಂಟಾಕ್ಸಿಕೇಶನ್’ ಅಂದರೆ ಅಮಲೋ, ವಿಷವೋ? ಮರಣೋತ್ತರ ವರದಿಯ ಒಂದು ಸಾಲಿನ ಬಗ್ಗೆ

ಬಳಗದ ಎಲ್ಲರಿಗೂ ನಮಸ್ಕಾರ.

ಮರಣೋತ್ತರ ಪರೀಕ್ಷೆಯ ವರದಿಯೊಂದರ ಒಂದೇ ಸಾಲನ್ನು ಕನ್ನಡಕ್ಕೆ ತರಲು ಹೋಗಿ ‘ಇಂಟಾಕ್ಸಿಕೇಶನ್’ ಎಂಬ ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ನಿಘಂಟು ತೆಗೆದರೆ ಅಮಲು, ಮತ್ತು, ನಶೆ, ಮಾದಕತೆ ಅಂತ ಸಿಗುತ್ತವೆ. ಒಂದೂ ಒಗ್ಗುತ್ತಿಲ್ಲ. ಹಿನ್ನೆಲೆ ಹೇಳದೆ ಕೇಳಿದರೆ ‘ಅಮಲು ಸಾಕಲ್ಲ’ ಎಂಬ ಉತ್ತರ ಬರುತ್ತದೆಂದು ಗೊತ್ತು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಇಲ್ಲಿ ದಾವಣಗೆರೆಯಲ್ಲಿ ಕುಸ್ತಿ ಕಲಿಯುವ ಹುಡುಗರಿಗೆಂದು ಚಿಕ್ಕ ಕೈಪಿಡಿಯೊಂದನ್ನು ಮಾಡುತ್ತಿದ್ದೇವೆ. ಕುಡಿತ, ಮಾತ್ರೆ, ಇಂಜೆಕ್ಷನ್ನುಗಳ ಬಗ್ಗೆ. ತರಬೇತಿ ಕೊಡುವವರ ಷರತ್ತು ಇಷ್ಟೇ: ‘ಬುದ್ಧಿವಾದ ಬರಿಬ್ಯಾಡ್ರಿ, ಹುಡುಗ್ರು ಓದಲ್ಲ. ಯಾರಿಗೆ ಏನಾತು, ಅದನ್ನಷ್ಟೇ ಬರೀರಿ.’ ಹಾಗಾಗಿ ದಾಖಲೆಯಲ್ಲಿರುವ ಪ್ರಕರಣಗಳನ್ನೇ ಆರಿಸಿಕೊಂಡೆ. ಮುಖ್ಯವಾದದ್ದು ಅಮೆರಿಕದ ಬೇಸ್‌ಬಾಲ್ ಆಟಗಾರ ಟೈಲರ್ ಸ್ಕ್ಯಾಗ್ಸ್‌ನದು. ಲಾಸ್ ಏಂಜಲಿಸ್ ಏಂಜಲ್ಸ್ ತಂಡದ ಎಡಗೈ ಪಿಚರ್ (ಚೆಂಡೆಸೆಯುವವ), ವಯಸ್ಸು 27. ಪಂದ್ಯಕ್ಕೆಂದು ಟೆಕ್ಸಾಸ್‌ಗೆ ಹೋಗಿದ್ದಾಗ 2019ರ ಜುಲೈ 1ರಂದು ಸೌತ್‌ಲೇಕ್‌ನ ಹೋಟೆಲ್ ಕೋಣೆಯಲ್ಲಿ ಶವವಾಗಿ ಸಿಕ್ಕ. ವೈದ್ಯರು ಸಾವಿನ ಕಾರಣವಾಗಿ ಬರೆದದ್ದು ಮದ್ಯ, ಫೆಂಟನಿಲ್ ಮತ್ತು ಆಕ್ಸಿಕೋಡೋನ್‌ಗಳ ‘ಇಂಟಾಕ್ಸಿಕೇಶನ್’ (ಕೊನೆಯ ಎರಡೂ ಅಫೀಮಿನ ಜಾತಿಯ ನೋವಿನ ಔಷಧಗಳು). ಜೊತೆಗೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸನಾಳಕ್ಕೆ ಹೋದದ್ದು.

ಮೊದಲ ಕರಡಿನಲ್ಲಿ ‘ಮದ್ಯ ಮತ್ತು ಮಾದಕ ವಸ್ತುಗಳ ಅಮಲಿನಿಂದ ಸಾವು’ ಎಂದು ಬರೆದು ಓದಿ ತೋರಿಸಿದೆ. ಹಿಂದೆ ಕೂತಿದ್ದ ಹುಡುಗನೊಬ್ಬ ತಕ್ಷಣ, ‘ಅಂದ್ರ ಓವರ್ ಆಗಿತ್ತು ಅನ್ರಿ’ ಅಂದ. ಎಲ್ಲರೂ ನಕ್ಕರು. ನಗುವುದು ಸಹಜವೇ, ‘ಅಮಲು’ ಎಂಬ ಪದದ ಕೆಲಸವೇ ಅದು. ಅದರಲ್ಲಿ ತೂರಾಟವಿದೆ, ತೊದಲು ಮಾತಿದೆ, ಒಂದಿಷ್ಟು ತಮಾಷೆಯಿದೆ, ಬೈಗುಳವೂ ಇದೆ. ‘ಅಧಿಕಾರದ ಅಮಲು’ ಅನ್ನುವಾಗಲೂ ಇರುವುದು ಬೈಗುಳವೇ. (ಅರಬ್ಬಿಯ ‘ಅಮಲ್’ ಅಂದರೆ ಕೆಲಸ, ಕಾರ್ಯ, ನಮ್ಮ ಅಮಲ್ದಾರನೂ ಕೋರ್ಟಿನ ಅಮಲ್ಜಾರಿ ಅರ್ಜಿಯೂ ಅಲ್ಲಿಂದಲೇ ಬಂದವು. ಅಧಿಕಾರಕ್ಕೂ ಅಮಲಿಗೂ ಹಳೇ ನಂಟು.) ವೈದ್ಯರು ಆ ಸಾಲಿನಲ್ಲಿ ಮನುಷ್ಯ ಹೇಗೆ ವರ್ತಿಸಿದ ಅಂತ ಹೇಳುತ್ತಿಲ್ಲ. ಅವನ ರಕ್ತದಲ್ಲಿ ಏನಿತ್ತು, ಅದು ಉಸಿರಿಗೆ ಏನು ಮಾಡಿತು ಅಂತ ಹೇಳುತ್ತಿದ್ದಾರೆ.

ಲೆಕ್ಕ ನೋಡಿ. ಅವನ ರಕ್ತದಲ್ಲಿ ಮದ್ಯಸಾರ 100 ಮಿಲಿಲೀಟರಿಗೆ 122 ಮಿಲಿಗ್ರಾಂ ಇತ್ತು. ನಮ್ಮಲ್ಲಿ ಗಾಡಿ ಓಡಿಸುವವರಿಗೆ ಕಾನೂನು ಹಾಕಿರುವ ಮಿತಿ 30 ಮಿಲಿಗ್ರಾಂ. ಅಂದರೆ ನಾಲ್ಕು ಪಟ್ಟು. ಕುಡಿದಿದ್ದ ಎನ್ನುವುದರಲ್ಲಿ ಅನುಮಾನವಿಲ್ಲ, ಆದರೆ ಆ ಮೈಕಟ್ಟಿನ ಆಳು ಬರೀ ಅಷ್ಟರಿಂದ ಸಾಯುವುದಿಲ್ಲ. ಫೆಂಟನಿಲ್ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ತಜ್ಞರು ಮೈಕ್ರೋಗ್ರಾಂ ಲೆಕ್ಕದಲ್ಲಿ ಕೊಡುವ ಔಷಧ. ಮಾರ್ಫಿನ್‌ಗಿಂತ ಸುಮಾರು ನೂರು ಪಟ್ಟು ತೀಕ್ಷ್ಣ. ಮದ್ಯ, ಫೆಂಟನಿಲ್, ಆಕ್ಸಿಕೋಡೋನ್ ಮೂರೂ ಉಸಿರಾಟ ನಡೆಸುವ ಮಿದುಳಿನ ಭಾಗವನ್ನು ಮಂಕು ಮಾಡುವಂಥವು. ಕೆಮ್ಮಿ ಹೊರಹಾಕುವ ಶಕ್ತಿಯೂ ಅಡಗಿಬಿಡುತ್ತದೆ. ಆಗ ವಾಂತಿ ಬಂದರೆ ಅದು ಹೋಗುವುದು ಉಸಿರಿನ ದಾರಿಗೆ.

ನನ್ನ ತಕರಾರಿನ ಮುಖ್ಯ ಭಾಗ ಇಲ್ಲಿದೆ. ಕನ್ನಡದಲ್ಲಿ ಅಮಲೂ ಏರುತ್ತದೆ, ವಿಷವೂ ಏರುತ್ತದೆ, ಕ್ರಿಯಾಪದ ಒಂದೇ. ಇಳಿಯುವಾಗ ಮಾತ್ರ ದಾರಿ ಬೇರೆಯಾಗುತ್ತದೆ. ಅಮಲು ತಾನಾಗಿ ಇಳಿಯುತ್ತದೆ, ವಿಷವನ್ನು ಯಾರಾದರೂ ಇಳಿಸಬೇಕು. ಹಾವು ಕಚ್ಚಿದವನ ಬಗ್ಗೆ ‘ಮಲಗ್ಲಿ ಬಿಡು, ಬೆಳಿಗ್ಗೆ ಹೊತ್ತಿಗೆ ಇಳಿದಿರುತ್ತೆ’ ಅಂತ ಯಾರೂ ಅನ್ನುವುದಿಲ್ಲ. ಕುಡಿದು ಬಿದ್ದವನ ಬಗ್ಗೆ ನಾವೆಲ್ಲ ಅನ್ನುವುದು ಅದನ್ನೇ. ಮಾತ್ರೆಯೂ ಸೇರಿದ್ದಾಗ ಅವನ ಗಂಟಲಿಂದ ಬರುವ ಗೊರಗೊರ ಸದ್ದು ಉಸಿರುದಾರಿ ಕಟ್ಟುತ್ತಿರುವ ಗುರುತಿರಬಹುದು. ಪಕ್ಕದ ಹಾಸಿಗೆಯವನು ‘ಗಡದ್ದಾಗಿ ನಿದ್ದೆ ಹೊಡೀತಿದಾನೆ’ ಅಂದುಕೊಂಡು ಲೈಟ್ ಆರಿಸುತ್ತಾನೆ. ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು, ಅಲುಗಾಡಿಸಿ ಕೂಗಿ ನೋಡಬೇಕು, 108ಕ್ಕೆ ಫೋನ್ ಮಾಡಬೇಕು. ಅಫೀಮಿನ ಜಾತಿಯ ಔಷಧಗಳ ಪರಿಣಾಮವನ್ನು ಇಳಿಸಲು ನ್ಯಾಲೊಕ್ಸೋನ್ ಎಂಬ ಇಂಜೆಕ್ಷನ್ ಇದೆ (ಮದ್ಯಕ್ಕೆ ಅದು ನಾಟುವುದಿಲ್ಲ). ‘ಅಮಲು’ ಎಂದು ಅಚ್ಚು ಹಾಕಿಸಿದರೆ ಇಷ್ಟನ್ನೂ ಕೈಪಿಡಿಯ ಮುಂದಿನ ಪುಟದಲ್ಲಿ ಬರೆದೂ ವ್ಯರ್ಥ.

ಹಾಗಾದರೆ ‘ವಿಷ’ ಎನ್ನೋಣವೇ? ‘ಅತಿಯಾದರೆ ಅಮೃತವೂ ವಿಷ’ ಎನ್ನುವ ಭಾಷೆಗೆ ಅಳತೆಯ ಕಲ್ಪನೆ ಹೊಸದಲ್ಲ. ಆದರೆ ನಮ್ಮ ಸೀಮೆಯ ಪೇಪರುಗಳಲ್ಲಿ ‘ವಿಷ ಸೇವಿಸಿ’ ಎಂದರೆ ಮುಂದಿನ ಪದ ‘ಆತ್ಮಹತ್ಯೆ’ ಅಂತಲೇ ಓದುಗ ಓದಿಕೊಂಡಿರುತ್ತಾನೆ. ಹಳ್ಳಿ ಕಡೆ ಇನ್ನೂ ಗೋಜಲು. ಮೆಕ್ಕೆಜೋಳಕ್ಕೋ ಹತ್ತಿಗೋ ಕೀಟನಾಶಕ ಸಿಂಪಡಿಸುವುದಕ್ಕೂ ‘ಎಣ್ಣೆ ಹೊಡೆಯೋದು’ ಅಂತಾರೆ, ಸಂಜೆ ಬಾರಿಗೆ ಹೋಗುವುದಕ್ಕೂ ‘ಎಣ್ಣೆ ಹೊಡೆಯೋದು’ ಅಂತಾರೆ. ಆದರೆ ‘ಎಣ್ಣೆ ಕುಡುದ’ ಅಂತ ದನಿ ತಗ್ಗಿಸಿ ಹೇಳಿದರೆ ಅದು ಬಾಟಲಿಯ ಸುದ್ದಿಯಲ್ಲ, ಕೀಟನಾಶಕದ ಸುದ್ದಿ.

‘ನಂಜು’ ಅಚ್ಚಗನ್ನಡ, ಚಿಕ್ಕದು, ಕಿವಿಗೂ ಹಿತ. ನನಗೆ ಮೊದಲು ಹೊಳೆದದ್ದೂ ಅದೇ. ಇಲ್ಲಿ ಆಡುಮಾತಿನಲ್ಲಿ ಅದು ಗಾಯದ ಮಾತಾಗಿಬಿಟ್ಟಿದೆ. ಕಾಲಿಗೆ ಮೊಳೆ ಚುಚ್ಚಿ ಬಾತುಕೊಂಡರೆ ‘ನಂಜಾಗೇತಿ’, ಆಪರೇಷನ್ ಆದವರಿಗೆ ಬದನೆಕಾಯಿ ಕೊಡಬೇಡಿ, ‘ನಂಜು’. ಕುಸ್ತಿ ಹುಡುಗರಿಗಂತೂ ಮೈ ತರಚಿದಾಗೆಲ್ಲ ಕೇಳುವ ಪದ. ‘ಮದ್ಯದ ನಂಜು’ ಅಂದರೆ ಗಾಯಕ್ಕೆ ಬ್ರಾಂದಿ ಹಚ್ಚಿ ಎಡವಟ್ಟಾಯಿತೇನೋ ಅಂದುಕೊಂಡಾರು.

ಇದರ ಜೊತೆಗೇ ‘ಓವರ್‌ಡೋಸ್’. ಪತ್ರಿಕೆಗಳು ‘ಮಿತಿಮೀರಿದ ಸೇವನೆ’ ಅನ್ನುತ್ತವೆ. ಮಿತಿ ಮೀರಿದವನು ಸತ್ತವನೇ, ತಪ್ಪೂ ಅವನದೇ ಎಂಬ ಧ್ವನಿ ಅದರಲ್ಲಿದೆ. ಸ್ಕ್ಯಾಗ್ಸ್ ಪ್ರಕರಣದಲ್ಲಿ ಕೋಣೆಯಲ್ಲಿ ಸಿಕ್ಕ ನೀಲಿ ಮಾತ್ರೆಯೊಂದು ನೋಡಲು ಥೇಟ್ 30 ಮಿಲಿಗ್ರಾಂನ ಆಕ್ಸಿಕೋಡೋನ್, ಒಳಗಿದ್ದದ್ದು ಫೆಂಟನಿಲ್. ಮಾತ್ರೆ ಒದಗಿಸಿದ ಆರೋಪ ಸಾಬೀತಾಗಿ ತಂಡದ ಸಂಪರ್ಕಾಧಿಕಾರಿಯಾಗಿದ್ದ ಎರಿಕ್ ಕೇ ಎಂಬವನಿಗೆ 2022ರಲ್ಲಿ 22 ವರ್ಷ ಜೈಲಾಯಿತು. ಒಳಗೇನಿದೆ ಅಂತಲೇ ತಿಳಿಯದ ಮಾತ್ರೆಗೆ ‘ಮಿತಿ’ ಎಲ್ಲಿಂದ ತರುವುದು? ಇಂಥ ಕಡೆ ‘ಅತಿಸೇವನೆ’ಯನ್ನು ಕೈಬಿಟ್ಟು, ಏನಾಯಿತೋ ಅದನ್ನೇ ವಾಕ್ಯ ಮಾಡುವುದು ವಾಸಿ ಎಂಬುದು ನನ್ನ ನಿಲುವು. ಅಲ್ಲಿಯ ವೈದ್ಯಾಧಿಕಾರಿ ಈ ಸಾವನ್ನು ‘ಆಕ್ಸಿಡೆಂಟ್’ ಎಂದು ವರ್ಗೀಕರಿಸಿದ್ದಾರೆ. ಅದಕ್ಕೆ ‘ಅಪಘಾತ’ ಬೇಡ, ಎನ್‌ಎಚ್-48ರಲ್ಲಿ ಲಾರಿ ಗುದ್ದಿದಂತೆ ಕೇಳಿಸುತ್ತದೆ; ‘ಆಕಸ್ಮಿಕ’ ಸಾಕು.

ಇನ್ನು ‘ಡ್ರಗ್’. ಕ್ರೀಡಾಪುಟದಲ್ಲಿ ಈ ಪದ ಕಂಡ ಕೂಡಲೇ ‘ಉದ್ದೀಪನ ಮದ್ದು’ ಎಂದು ಹಾಕುವ ರೂಢಿ ಬೆಳೆದಿದೆ. ರೂಢಿಯಾದ ಪದ, ಬೇಡವೆನ್ನಲಾರೆ. ನಾಡಾ ಸಂಸ್ಥೆಯನ್ನೇ ಪತ್ರಿಕೆಗಳು ‘ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕ’ ಎಂದು ಕರೆಯುತ್ತವೆ. ಆದರೂ ಕಾವ್ಯಮೀಮಾಂಸೆ ಓದಿದವರಿಗೆ ಉದ್ದೀಪನ ಎಂದರೆ ಬೆಳದಿಂಗಳು, ತಂಗಾಳಿ, ಕೋಗಿಲೆ. ಮದ್ದು ಅಂದರೆ ಔಷಧ, ಸಿಡಿಮದ್ದು, ಹೊಟ್ಟೆಗೆ ಹಾಕುವ ‘ಕೈಮದ್ದು’ ಎಲ್ಲವೂ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ಕಲ್ಲು ತೋರಿಸಿದರೆ, ಪಾಳೆಯಗಾರರ ಔಷಧಾಲಯವೇ ಅಂತ ಕೇಳುವ ಪ್ರವಾಸಿ ಇದ್ದಾನು.

ಆ ಪದ ಸರಿಯಾಗಿ ಕೂರುವ ಪ್ರಕರಣವೂ ಇದೆ. ಬ್ರಿಟನ್ನಿನ ಟಾಮ್ ಸಿಂಪ್ಸನ್, 1965ರ ವಿಶ್ವ ಚಾಂಪಿಯನ್ ಸೈಕಲ್ ಸವಾರ. 1967ರ ಜುಲೈ 13ರಂದು ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಮೋಂಟ್ ವೆಂಟೂ ಬೆಟ್ಟ ಏರುತ್ತಾ ಕುಸಿದು ಸತ್ತ, 29 ವರ್ಷ. ಮೈಯಲ್ಲಿ ಆಂಫೆಟಮೈನ್ ಮತ್ತು ಮದ್ಯ ಎರಡೂ ಇದ್ದವು, ಮೇಲೆ ಸುಡುಬಿಸಿಲು. ಆಂಫೆಟಮೈನ್ ನಿಜವಾಗಿಯೂ ಉದ್ದೀಪಿಸುತ್ತದೆ. ‘ಸಾಕು ನಿಲ್ಲಿಸು’ ಎಂದು ದೇಹ ಹೇಳುವುದನ್ನು ಕೇಳಿಸದಂತೆ ಮಾಡುತ್ತದೆ. ಆಕ್ಸಿಕೋಡೋನ್ ಮಾಡುವುದು ತದ್ವಿರುದ್ಧ: ನೋವು ಕಳೆಯುತ್ತದೆ, ಜೊಂಪು ಹತ್ತಿಸುತ್ತದೆ. 2011ರಲ್ಲಿ ಮಿನಿಯಾಪೊಲಿಸ್‌ನಲ್ಲಿ ತೀರಿಕೊಂಡ ಐಸ್ ಹಾಕಿಯ ಡೆರೆಕ್ ಬೂಗಾರ್ಡ್‌ನ ದೇಹದಲ್ಲೂ ಸಿಕ್ಕದ್ದು ಅದು ಮತ್ತು ಮದ್ಯ. ಸ್ಕ್ಯಾಗ್ಸ್, ಬೂಗಾರ್ಡ್ ‘ಉದ್ದೀಪನ ಮದ್ದಿನಿಂದ ಸತ್ತರು’ ಎಂದು ಬರೆದರೆ ಔಷಧವೂ ತಪ್ಪು, ಕಥೆಯೂ ತಪ್ಪು. ಹೀಗಾಗಿ ಕೈಪಿಡಿಯಲ್ಲಿ ಸಿಂಪ್ಸನ್‌ಗೆ ‘ಉದ್ದೀಪನ ಮದ್ದು’, ಉಳಿದಿಬ್ಬರಿಗೆ ‘ನೋವಿನ ಮಾತ್ರೆ’ ಎಂದು ಇಟ್ಟಿದ್ದೇನೆ. ಇಲ್ಲಿನ ಮೆಡಿಕಲ್ ಶಾಪುಗಳಲ್ಲಿ ಹುಡುಗರು ಕೇಳುವುದೂ ‘ನೋವಿನ ಗುಳಿಗಿ’ಯನ್ನೇ. ‘ಮಾದಕ ವಸ್ತು’ ಅಂದರೆ ಗಾಂಜಾ ನೆನಪಾಗಿ ‘ನಮ್ಮದಲ್ಲ ಬಿಡು’ ಅಂದುಕೊಳ್ಳುತ್ತಾರೆ.

ಸದ್ಯಕ್ಕೆ ನನ್ನ ವಾಕ್ಯ ಹೀಗಿದೆ: ‘ಮದ್ಯ, ಫೆಂಟನಿಲ್, ಆಕ್ಸಿಕೋಡೋನ್ ಮೂರೂ ಕೂಡಿ ಮೈಗೆ ವಿಷವಾಗಿ ಏರಿ, ವಾಂತಿ ಉಸಿರುನಾಳಕ್ಕೆ ಹೋಗಿ, ಉಸಿರುಕಟ್ಟಿ ಆದ ಆಕಸ್ಮಿಕ ಸಾವು.’ ‘ವಿಷ ಸೇವಿಸಿ’ ಬದಲು ‘ವಿಷವಾಗಿ ಏರಿ’ ಎಂದದ್ದರಿಂದ ಆತ್ಮಹತ್ಯೆಯ ಅರ್ಥ ತಪ್ಪಿತು ಎಂದು ನನ್ನ ಎಣಿಕೆ. ಶೀರ್ಷಿಕೆಗಾಗಿ ಒಂದೇ ಪದ ಬೇಕೆಂದರೆ ‘ವಿಷವೇರಿಕೆ’.

ಬಳಗದಲ್ಲಿ ವೈದ್ಯರಿದ್ದೀರಿ, ಕೋರ್ಟಿನ ಕಾಗದಪತ್ರ ನೋಡುವವರೂ ಇದ್ದೀರಿ. ಸಾಕ್ಷಿ ಹೇಳುವಾಗ, ಇಲ್ಲವೇ ಸತ್ತವರ ಮನೆಯವರಿಗೆ ವಿವರಿಸುವಾಗ, ಇದಕ್ಕೆ ನೀವು ಬಾಯಲ್ಲಿ ಬಳಸುವ ಕನ್ನಡ ಯಾವುದು? ಕೋಲಾರ, ತುಮಕೂರು, ಕರಾವಳಿ ಕಡೆಯವರು ‘ನಂಜು’ ಪದ ಕೇಳಿದಾಗ ನಿಮಗೂ ಗಾಯವೇ ನೆನಪಾಗುತ್ತದೆಯೇ, ಇಲ್ಲ ವಿಷವೇ, ಅದನ್ನೂ ತಿಳಿಸಿ. ವಿಷ ಎನ್ನುವವರು ಹೆಚ್ಚಿದ್ದರೆ ‘ನಂಜೇರಿಕೆ’ಯನ್ನು ಮತ್ತೆ ಯೋಚಿಸುತ್ತೇನೆ. ಮತ್ತೊಂದು ವಿನಂತಿ: ನ್ಯಾಲೊಕ್ಸೋನ್‌ಗೆ ದಯವಿಟ್ಟು ಯಾರೂ ಕನ್ನಡ ಪದ ಟಂಕಿಸಬೇಡಿ. ರಾತ್ರಿ ಹೊತ್ತು ಆಸ್ಪತ್ರೆಯಲ್ಲಿ ಅದನ್ನು ಆ ಹೆಸರಲ್ಲೇ ಕೇಳಬೇಕು.