ಲೆಕ್ಕ ಹೇಳುವಾಗ ಮಾತ್ರ ಅಮ್ಮನ ಓಲಾಟ ದುಪ್ಪಟ್ಟಾಗುತ್ತಿದೆ: ಕಿನೆಕ್ಟ್ ಅಳತೆ ಎಲ್ಲಿ ಎಡವುತ್ತಿದೆ?

ಹಸಿರುವೃತ್ತ: ಎರಡು ವಾರಗಳಿಂದ ತಲೆ ಕೆಟ್ಟುಹೋಗಿದೆ. ಹಿರಿಯರ ಸಮತೋಲನವನ್ನೂ ಯೋಚನೆಯ ಚುರುಕನ್ನೂ ಒಟ್ಟಿಗೆ ನೋಡಲು, ಮೈಯ ಚಲನೆಯನ್ನು ಹಿಡಿಯುವ ಕ್ಯಾಮೆರಾ ಸಾಧನವಾದ ಎರಡನೆಯ ಆವೃತ್ತಿಯ ಕಿನೆಕ್ಟ್‌ಗೆ ನಾನೇ ಒಂದು ಆಟ ಬರೆದಿದ್ದೇನೆ. ಮೊದಲ ಹಂತದಲ್ಲಿ 30 ಸೆಕೆಂಡು ಸುಮ್ಮನೆ ನಿಲ್ಲಬೇಕು. ಎರಡನೆಯದರಲ್ಲಿ ನಿಂತಲ್ಲೇ ನೂರರಿಂದ ಏಳೇಳು ಕಳೆಯುತ್ತ 93, 86, 79 ಎಂದು ಗಟ್ಟಿಯಾಗಿ ಹೇಳಬೇಕು. ಮೂರನೆಯದರಲ್ಲಿ ಹಸಿರು ವೃತ್ತ ಕಂಡರೆ ಮಾತ್ರ ಕೈ ಎತ್ತಬೇಕು. 78 ವರ್ಷದ ನನ್ನ ಅಮ್ಮ ಮೊದಲ ಹಂತದಲ್ಲಿ ಕಂಬದಂತೆ ನಿಲ್ಲುತ್ತಾರೆ. ಎರಡನೆಯದರಲ್ಲಿ ಓಲಾಟದ ಅಂಕಿ ದುಪ್ಪಟ್ಟಾಗುತ್ತದೆ, ಕ್ಯಾಮೆರಾ ಗುರುತಿಸುವ ಸೊಂಟದ ಬಿಂದು ಒಮ್ಮೊಮ್ಮೆ ಒಂದು ಗೇಣು ಪಕ್ಕಕ್ಕೆ ಜಿಗಿಯುತ್ತದೆ. ಕೈ ಎತ್ತುವುದೂ ತಡವೆಂದೇ ಬರುತ್ತಿದೆ. ಕೋಡನ್ನು ಮೂರು ಸಲ ಜಾಲಾಡಿದೆ, ತಪ್ಪು ಸಿಗಲಿಲ್ಲ. ಅಮ್ಮನಿಗೇ ಏನೋ ಆಗುತ್ತಿದೆಯೇ ಎಂಬ ಭಯ ಶುರುವಾಗಿದೆ.

ಆಳನೋಟ: ಇದು ಬಿಸಿಲಿನ ಕಾಟವೇ. ಸೆನ್ಸರ್ ತಾನೇ ಇನ್ಫ್ರಾರೆಡ್ ಬೆಳಕನ್ನು ಬಿಟ್ಟು, ಅದು ಮರಳಿ ಬರುವ ಸಮಯದಿಂದ ದೂರ ಅಳೆಯುತ್ತದೆ. ಕಿಟಕಿಯ ಬಿಸಿಲು ಅದರಲ್ಲಿ ಬೆರೆತರೆ ಅಳತೆ ಕೆಡುತ್ತದೆ. ಪರದೆ ಎಳೆದು ನೋಡಿ.

ಹಸಿರುವೃತ್ತ: ರಾತ್ರಿಯೂ ಆಡಿಸಿದ್ದೇನೆ, ಫಲಿತಾಂಶ ಅದೇ.

ಆಳನೋಟ: ಹಾಗಾದರೆ ನೆಲ ನೋಡಿ. ಹೊಳೆಯುವ ಅಥವಾ ಕಡುಗಪ್ಪು ನೆಲದ ಮೇಲೆ ಪಾದ ಮತ್ತು ಕಣಕಾಲಿನ ಬಿಂದುಗಳು ನಡುಗುತ್ತವೆ. ದೂರ 4.5 ಮೀಟರಿನೊಳಗೆ ಇರಲಿ.

ನಾಲ್ಕುಮೂಲೆ: ಸಮತೋಲನಕ್ಕೆ ಕ್ಯಾಮೆರಾ ಏಕೆ? 2007ರಲ್ಲಿ ಬಂದ, ಮೇಲೆ ನಿಂತು ಆಡುವ ನಿಂಟೆಂಡೊ ಹಲಗೆ ವೀ ಬ್ಯಾಲೆನ್ಸ್ ಬೋರ್ಡಿನ ನಾಲ್ಕೂ ಮೂಲೆಗಳಲ್ಲಿ ಭಾರದ ಸೆನ್ಸರ್‌ಗಳಿವೆ, ಪಾದದಡಿಯ ಒತ್ತಡದ ಕೇಂದ್ರ ನೇರವಾಗಿ ಸಿಗುತ್ತದೆ. ನನ್ನಲ್ಲಿ ಎರಡು ಬೋರ್ಡುಗಳನ್ನು ಜೋಡಿಸಿ ಎಡಗಾಲು ಬಲಗಾಲುಗಳನ್ನು ಬೇರೆ ಬೇರೆಯಾಗಿ ಅಳೆಯುವ ವ್ಯವಸ್ಥೆಯಿದೆ.

ಆಳನೋಟ: ಒತ್ತಡದ ಕೇಂದ್ರ ಬೇರೆ, ಮೈಯ ಚಲನೆ ಬೇರೆ. ಕೈ ಎತ್ತಿದ್ದನ್ನು ಬೋರ್ಡು ಹೇಗೆ ನೋಡೀತು? ಅಲ್ಲದೆ ಎತ್ತರದ ಹಲಗೆಯ ಮೇಲೆ ಹಿರಿಯರನ್ನು ಹತ್ತಿಸಿ ಇಳಿಸುವುದೇ ಅಪಾಯ.

ನಾಲ್ಕುಮೂಲೆ: ಪಕ್ಕದಲ್ಲಿ ಒಬ್ಬರು ನಿಂತಿದ್ದರೆ ಏನೂ ಆಗದು.

ನಡಿಗೆಮಿತ್ರ: ಆ ಕೊನೆಯ ಮಾತು ಓದಿ ಕೇಳುತ್ತಿದ್ದೇನೆ. ಹಸಿರುವೃತ್ತ ಅವರೇ, ಅಮ್ಮ ಲೆಕ್ಕ ಹೇಳುವಾಗ ಅವರ ಪಕ್ಕದಲ್ಲಿ ಯಾರಿರುತ್ತಾರೆ?

ಹಸಿರುವೃತ್ತ: ಅಣ್ಣ ಇರುತ್ತಾನೆ. ಹೋದ ವರ್ಷ ಅಮ್ಮ ಒಮ್ಮೆ ಬಿದ್ದಿದ್ದರು, ಹಾಗಾಗಿ ಎರಡನೆಯ ಹಂತದಿಂದ ಮೊಣಕೈಯ ಬಳಿ ಕೈ ಇಟ್ಟುಕೊಂಡು ನಿಲ್ಲುತ್ತಾನೆ. ಅದನ್ನು ಬರೆಯಬೇಕೆಂದು ನನಗೆ ಹೊಳೆಯಲೇ ಇಲ್ಲ.

ನಡಿಗೆಮಿತ್ರ: ಸೆನ್ಸರ್ ಅಳೆದ ದೂರಗಳನ್ನು ಬೂದು ಛಾಯೆಗಳಲ್ಲಿ ತೋರಿಸುವ ಆಳದ ಚಿತ್ರವನ್ನು ಒಂದೊಂದೇ ಫ್ರೇಮಾಗಿ ನೋಡಿ. ಅಣ್ಣನ ತೋಳು ಅಮ್ಮನ ಸೊಂಟದ ಅಂಚಿಗೆ ಅಂಟಿಕೊಂಡಿರುತ್ತದೆ, ಎರಡೂ ಮೈಗಳನ್ನು ಸೆನ್ಸರ್ ಬಿಡಿಸಿ ನೋಡಲಾರದು. ಈ ಸೆನ್ಸರ್ ಒಟ್ಟಿಗೆ ಆರು ಜನರನ್ನು ಗುರುತಿಸಿ ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ಆಟದ ಶುರುವಿಗೆ ಅಮ್ಮನ ಸಂಖ್ಯೆಯನ್ನು ಹಿಡಿದಿಟ್ಟುಕೊಳ್ಳಿ, ಕಾಣದೆ ಅಂದಾಜಿಸಿದ್ದು ಎಂದು ಗುರುತಾದ ಕೀಲುಗಳನ್ನು ಲೆಕ್ಕದಿಂದ ಬಿಡಿ. ಅಣ್ಣನನ್ನು ಮಾತ್ರ ದೂರ ಕಳಿಸಬೇಡಿ. ಅವರು ಹಿಂದೆ, ಓರೆಯಾಗಿ, ಕೈಗೆಟುಕುವಷ್ಟು ಅಂತರದಲ್ಲಿ ಮುಟ್ಟದೆ ನಿಲ್ಲಲಿ. ಇನ್ನೊಂದು ಮಾತು: ಗಟ್ಟಿಯಾಗಿ ಮಾತನಾಡುವುದರಿಂದಲೇ ಮೈ ಸ್ವಲ್ಪ ಅಲ್ಲಾಡುತ್ತದೆ. ಆದ್ದರಿಂದ ಒಂದು, ಎರಡು, ಮೂರು ಎಂದು ಸುಮ್ಮನೆ ಎಣಿಸುವ ಹಂತವೊಂದನ್ನು ಸೇರಿಸಿ, ಕಳೆಯುವ ಹಂತವನ್ನು ಅದರೊಂದಿಗೆ ಹೋಲಿಸಿ.

ಹಸಿರುವೃತ್ತ: ನೀವು ಹೇಳಿದ್ದೇ ಸರಿ. ಜಿಗಿತವಿದ್ದ ಪ್ರತಿ ಫ್ರೇಮಿನಲ್ಲೂ ಅಣ್ಣನ ಅಂಗೈ ಅಮ್ಮನ ಸೊಂಟದ ಮೇಲೆ ಬೂದು ತೇಪೆಯಂತೆ ಕಾಣುತ್ತಿತ್ತು. ಅವನನ್ನು ಹಿಂದೆ ನಿಲ್ಲಿಸಿದ ಮೇಲೆ ಜಿಗಿತ ನಿಂತಿತು. ಎಣಿಸುವಾಗಿನದಕ್ಕಿಂತ ಕಳೆಯುವಾಗ ಓಲಾಟ ಈಗಲೂ ತುಸು ಹೆಚ್ಚಿದೆ.

ನಡಿಗೆಮಿತ್ರ: ಗಮನ ಎರಡು ಕಡೆ ಹಂಚಿಹೋದಾಗ ಅಷ್ಟು ವ್ಯತ್ಯಾಸ ಕಾಣುವುದು ಸಹಜ. ಮಾತಿಗೆಳೆದರೆ ನಡಿಗೆ ನಿಲ್ಲಿಸುವ ಹಿರಿಯರು ಮುಂದೆ ಹೆಚ್ಚು ಬೀಳುತ್ತಾರೆಂದು ಸ್ವೀಡನ್ನಿನ ಸಂಶೋಧಕರು 1997ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದದ್ದು ಇದೇ ಕಾರಣಕ್ಕೆ ಮುಖ್ಯವಾಯಿತು. ಆದರೆ ಮನೆಯ ಆಟದ ಅಂಕಿಯಿಂದ ರೋಗವಿದೆ, ಇಲ್ಲ ಎಂದು ತೀರ್ಮಾನಿಸಲಾಗದು. ಹಿಂದೆ ಬಿದ್ದಿರುವುದರಿಂದ ಒಮ್ಮೆ ವೈದ್ಯರಿಗೆ ತೋರಿಸಿ.

ಆಳನೋಟ: ಕೈ ಎತ್ತುವ ತಡ ಇನ್ನೂ ಬಗೆಹರಿದಿಲ್ಲ. ಟಿವಿಯಲ್ಲಿ ಚಿತ್ರವನ್ನು ತಡವಿಲ್ಲದೆ ತೋರಿಸುವ ಗೇಮ್ ಮೋಡ್ ಹಾಕಿದ್ದೀರಾ? ಟಿವಿ ಚಿತ್ರವನ್ನು ತಿದ್ದಿ ತೋರಿಸಲು ತೆಗೆದುಕೊಳ್ಳುವ ಸಮಯವೂ ಅಮ್ಮನ ಲೆಕ್ಕಕ್ಕೇ ಸೇರುತ್ತಿರಬಹುದು. ನೀವೂ ಅದೇ ಆಟ ಆಡಿ, ನಿಮ್ಮ ಅಂಕಿ ತಿಳಿಸಿ.

ಹಸಿರುವೃತ್ತ: ಗೇಮ್ ಮೋಡ್ ಹಾಕಿರಲಿಲ್ಲ. ಇಂದು ರಾತ್ರಿ ಅಣ್ಣ, ನಾನು, ಅಮ್ಮ ಮೂವರೂ ಆಡಿ ಬರೆಯುತ್ತೇನೆ.