ನೆಲನೆಲ್ಲಿ ಸಾರ: ಎಸ್‌ಜಿಪಿಟಿ ಇಳಿದಿದೆ, ಎಸ್‌ಜಿಒಟಿ ಇಳಿದಿಲ್ಲ. ಯಾಕಿರಬಹುದು?

ಪಡುಬಿದ್ರಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ಮಂಗಳೂರಲ್ಲಿ ಎಂ.ಫಾರ್ಮ್ ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ನೆಲನೆಲ್ಲಿ ಹಿಡಿದಿದ್ದೇನೆ. ಕಾಮಾಲೆ ಬಂದವರಿಗೆ ನಮ್ಮಜ್ಜಿ ಅದನ್ನು ಬೇರು ಸಮೇತ ಅರೆದು ಮಜ್ಜಿಗೆಯಲ್ಲಿ ಕದಡಿ ಕೊಡುತ್ತಿದ್ದರು. ಅದು ಲಿವರಿಗೆ ನಿಜಕ್ಕೂ ಏನು ಮಾಡುತ್ತದೆ ಅಂತ ನೋಡಬೇಕು ಅನ್ನುವುದು ಚಿಕ್ಕಂದಿನ ಆಸೆ.

ಎಥಿಕ್ಸ್ ಕಮಿಟಿ ಒಪ್ಪಿದ ಮೇಲೆ ವಿಸ್ಟಾರ್ ತಳಿಯ ಲ್ಯಾಬ್ ಇಲಿಗಳಲ್ಲಿ ಮಾಡಿದೆ. ಗುಂಪಿಗೆ 6 ಇಲಿ. ಕೆಜಿ ತೂಕಕ್ಕೆ 200 ಮತ್ತು 400 ಮಿ.ಗ್ರಾಂ ಸಾರ, ಹೋಲಿಕೆಗೆ ಲಿವರ್ ಕಾಪಾಡುವುದಕ್ಕೆ ಹೆಸರಾದ ಸಿಲಿಮರಿನ್ 100. ಏಳು ದಿನ ಕೊಟ್ಟು, ಕೊನೆಯ ದಿನ ಲಿವರ್ ಕೆಡಿಸುವ ವಿಷವಾದ ಕಾರ್ಬನ್ ಟೆಟ್ರಾಕ್ಲೋರೈಡನ್ನು ಆಲಿವ್ ಎಣ್ಣೆಯಲ್ಲಿ ಸಮಸಮ ಬೆರೆಸಿ ಚುಚ್ಚಿದೆ. 24 ಗಂಟೆ ಬಿಟ್ಟು ರಕ್ತ ತೆಗೆದು, ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಸ್‌ಜಿಪಿಟಿ, ಎಸ್‌ಜಿಒಟಿ ಕಿಣ್ವಗಳನ್ನು ಅಳೆದೆ.

400ರ ಗುಂಪಲ್ಲಿ ಎಸ್‌ಜಿಪಿಟಿ ಚೆನ್ನಾಗಿ ಇಳಿದಿದೆ. ಲಿವರಿನ ಎಂಡಿಎ (ಪೊರೆಯ ಕೊಬ್ಬು ಕೆಟ್ಟಾಗ ಹುಟ್ಟುವ ವಸ್ತು) ಕೂಡ. ಆದರೆ ಅದೇ ಗುಂಪಿನ ನಾಲ್ಕು ಇಲಿಗಳಲ್ಲಿ ಎಸ್‌ಜಿಒಟಿ ಅಲ್ಲೇ ನಿಂತಿದೆ. ಅದನ್ನು ಬಿಟ್ಟು ಬರೆ ಅನ್ನುತ್ತಾರೆ ಗೆಳತಿಯರು. ಮನಸ್ಸು ಒಪ್ಪುತ್ತಿಲ್ಲ.

ಉಡುಪಿ ಲ್ಯಾಬ್ ಅಕ್ಕ:
ಬಿಟ್ಟು ಬರೆಯಬೇಡ ಮಾರಾಯ್ತಿ. ಮೊದಲು ಹೇಳು, ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಬಣ್ಣ ಹೇಗಿತ್ತು? ತಿಳಿ ಹಳದಿಯಾ, ರೋಸ್ ಬಣ್ಣಕ್ಕೆ ತಿರುಗಿತ್ತಾ? ಕೆಂಪು ರಕ್ತಕಣದೊಳಗೆ ಎಸ್‌ಜಿಒಟಿ ಜಾಸ್ತಿ ಇರುತ್ತದೆ. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೆ, ಟ್ಯೂಬ್ ಕುಲುಕಿದರೆ, ಕಣ ಒಡೆದು ಅದೆಲ್ಲ ಸೀರಮ್ಮಿಗೆ ಸೇರುತ್ತದೆ. ಎಸ್‌ಜಿಪಿಟಿಗೆ ಅಷ್ಟು ಪೆಟ್ಟು ಬೀಳುವುದಿಲ್ಲ. ದಿನಾ ಇಂಥ ಸ್ಯಾಂಪಲ್ ವಾಪಸ್ ಕಳಿಸುವವಳು ನಾನು.

ಹಳೇ ಮೇಷ್ಟ್ರು:
ಅಕ್ಕ ಹೇಳಿದ್ದು ಸರಿ. ನನಗೆ ಬೇರೆ ಎರಡು ಚಿಂತೆ.

ಕಾರ್ಬನ್ ಟೆಟ್ರಾಕ್ಲೋರೈಡ್ ಹಾಗೇ ಇದ್ದರೆ ಇಷ್ಟು ಹಾನಿ ಮಾಡುವುದಿಲ್ಲ. ಲಿವರಿನ ಸಿವೈಪಿ2ಇ1 ಎಂಬ ಕಿಣ್ವ ಅದನ್ನು ಒಡೆದು, ಸಿಕ್ಕಿದ್ದರ ಮೇಲೆ ಎರಗುವ ಟ್ರೈಕ್ಲೋರೋಮೀಥೈಲ್ ರ‍್ಯಾಡಿಕಲ್ ಮಾಡುತ್ತದೆ. ಜೀವಕೋಶದ ಪೊರೆಯ ಕೊಬ್ಬನ್ನು ಕೆಡಿಸುವುದು ಅದು. ನಿಮ್ಮ ಸಾರ ಆ ಕಿಣ್ವವನ್ನೇ ತಡೆದಿದ್ದರೆ? ರ‍್ಯಾಡಿಕಲ್ ಹುಟ್ಟಲೇ ಇಲ್ಲ, ಎಂಡಿಎ ಆಗಲೂ ಇಳಿಯುತ್ತದೆ. ಹುಟ್ಟಿದ ರ‍್ಯಾಡಿಕಲ್ ಹಿಡಿದು ತಣಿಸುವ ಆಂಟಿಆಕ್ಸಿಡೆಂಟ್ ಗುಣದಿಂದಲೇ ಆಯ್ತು ಅಂತ ಇಷ್ಟರಿಂದ ಹೇಳಲಾಗದು. ಒಂದು ಗುಂಪಿಗೆ ವಿಷ ಕೊಟ್ಟು ಕೆಲವು ಗಂಟೆಯ ನಂತರ ಸಾರ ಕೊಟ್ಟು ನೋಡಬೇಕು. ವಿಷ ಕೊಡದೆ ಬರೀ ಸಾರ ಕೊಟ್ಟ ಗುಂಪು ಇದೆಯಾ?

ಇನ್ನೊಂದು, ಗಿಡ ಯಾವಾಗ ಕಿತ್ತಿರಿ, ಎಲ್ಲಿ ಒಣಗಿಸಿದಿರಿ? ನಮ್ಮ ಮಳೆಗಾಲದಲ್ಲಿ ಹಪ್ಪಳಕ್ಕೂ ಬೂಸ್ಟು ಬರುತ್ತದೆ. ಕೆಲವು ಬೂಸ್ಟು ಅಫ್ಲಾಟಾಕ್ಸಿನ್ ಬಿಡುತ್ತದೆ, ಅದು ಲಿವರಿಗೇ ವಿಷ. ಹೂವನ್ನೂ ಲೆನ್ಸಲ್ಲಿ ನೋಡಿ. ಎಸಳು 5 ಇದ್ದರೆ ಫಿಲಾಂಥಸ್ ಅಮಾರಸ್, ಅಂದರೆ ನೆಲನೆಲ್ಲಿ, ಇರಬಹುದು. 6 ಇದ್ದರೆ ಬೇರೆ ಜಾತಿ.

ಪಡುಬಿದ್ರಿ ಹುಡುಗಿ:
ಅಕ್ಕಾ, ಫೋನಲ್ಲಿದ್ದ ಟ್ಯೂಬುಗಳ ಫೋಟೋ ಈಗಷ್ಟೇ ತೆರೆದು ನೋಡಿದೆ. ರೋಸ್ ಇದ್ದದ್ದು ನಾಲ್ಕು. ಅದೇ ನಾಲ್ಕು ಇಲಿ! ಅವತ್ತು ಸೂಜಿ ಕಟ್ಟಿಕೊಂಡು ಎರಡೆರಡು ಸಲ ಎಳೆದಿದ್ದೆ. ಅಂಕಿ ಹಾಗೇ ಇಟ್ಟು, ಪಕ್ಕದಲ್ಲಿ ಕಾರಣ ಬರೆಯುತ್ತೇನೆ.

ಸರ್, ಬರೀ ಸಾರದ ಗುಂಪು ಇಲ್ಲ. ಗಿಡ ಕಿತ್ತದ್ದು ಜುಲೈಯಲ್ಲಿ, ಒಣಗಿಸಿದ್ದು ಹಾಸ್ಟೆಲ್ ರೂಮಲ್ಲಿ ಫ್ಯಾನ್ ಕೆಳಗೆ, ಒಂಬತ್ತು ದಿನ. ಮೂಲೆಯಲ್ಲಿ ಒಂದು ಹಿಡಿಯಷ್ಟು ಬೂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಆರಿಸಿ ತೆಗೆದು, ಉಳಿದದ್ದನ್ನು ಪುಡಿ ಮಾಡಿಸಿದೆ. ತೆಗೆದರೆ ಸಾಕು ಅಂದುಕೊಂಡಿದ್ದೆ.

ಆ ಪುಡಿ ಇನ್ನು ಬಳಸುವುದಿಲ್ಲ. ಅಕ್ಟೋಬರಿನಲ್ಲಿ ಮಳೆ ಬಿಡುವು ಕೊಟ್ಟಾಗ ಅಜ್ಜಿಯ ಗದ್ದೆ ಬದುವಿನಿಂದಲೇ ಹೊಸದಾಗಿ ಕಿತ್ತು ತಂದು, ಓವನಲ್ಲಿ 40 ಡಿಗ್ರಿಗೆ ಒಣಗಿಸುತ್ತೇನೆ. ಎರಡು ಹೊಸ ಗುಂಪಿಗೆ ಕಮಿಟಿಗೆ ಅರ್ಜಿ ಬರೆಯಲು ಕೂತಿದ್ದೇನೆ. ಗುರುತಿಗೆ ಒಣಗಿಸಿ ಅಂಟಿಸಿಟ್ಟ ಹರ್ಬೇರಿಯಂ ಹಾಳೆಯ ಹೂವನ್ನು ನೀರಲ್ಲಿ ನೆನೆಸಿ ಬಿಡಿಸಿದೆ ಸರ್. ಎಸಳು 5.