ಪದಚರ್ಚೆ: ವೇಲಿಂಗ್‌ಗೆ ‘ತಿಮಿಂಗಿಲ ಮೀನುಗಾರಿಕೆ’ ಸರಿಯೇ?

ಬೆಳಗಾವಿಯಿಂದ
ಎಲ್ಲರಿಗೂ ನಮಸ್ಕಾರ. ಶಾಲಾ ವಿಜ್ಞಾನ ಪ್ರದರ್ಶನದ ಫಲಕ, ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಸೀಮೆಎಣ್ಣೆ ಬರುವ ಮೊದಲು ದೀಪಕ್ಕೆ ಉರಿಸುತ್ತಿದ್ದ ತಿಮಿಂಗಿಲದ ಎಣ್ಣೆಯ ವಿಷಯ. ವೇಲಿಂಗ್‌ಗೆ ಅಂದರೆ ತಿಮಿಂಗಿಲ ಹಿಡಿಯುವ ಕಸುಬಿಗೆ ಕರಡಿನಲ್ಲಿ ‘ತಿಮಿಂಗಿಲ ಮೀನುಗಾರಿಕೆ’ ಎಂದಿದೆ. ವೇಲರ್ ಒಂದು ಕಡೆ ಮನುಷ್ಯ, ಇನ್ನೊಂದು ಕಡೆ ಹಡಗು. ಚರ್ಮದಡಿಯ ಕೊಬ್ಬಾದ ಬ್ಲಬರ್, ಹಗ್ಗ ಕಟ್ಟಿ ಎಸೆಯುವ ಹಾರ್ಪೂನ್, ಇವಕ್ಕೂ ಪದ ಬೇಕು.

ವಿಜಯಪುರದಿಂದ
ಮೀನುಗಾರಿಕೆ ತೆಗೀರಿ. ಮರಿಗೆ ಹಾಲೂಡಿಸುವ, ಮೇಲೆ ಬಂದು ಉಸಿರೆಳೆಯುವ ಪ್ರಾಣಿ ಅದು. ‘ತಿಮಿಂಗಿಲ ಬೇಟೆ’ ಸಾಕು. 1946ರ ಅಂತಾರಾಷ್ಟ್ರೀಯ ಒಪ್ಪಂದಕ್ಕೂ, ವಾಣಿಜ್ಯ ಬೇಟೆ ನಿಲ್ಲಿಸಲು 1982ರಲ್ಲಿ ಆದ ತೀರ್ಮಾನಕ್ಕೂ ಇದೇ ಹೊಂದುತ್ತದೆ. ಆದರೆ ಕನ್ನಡದ ಬೇಟೆ ಕೊಂದಲ್ಲಿಗೆ ಮುಗಿಯಿತು, ವೇಲಿಂಗ್ ಮುಗಿಯುವುದಿಲ್ಲ. ಹೆಣವನ್ನು ಹಡಗಿನ ಪಕ್ಕಕ್ಕೆ ಕಟ್ಟಿ, ಚರ್ಮದಡಿಯ ಕೊಬ್ಬನ್ನು ಉದ್ದುದ್ದ ಪಟ್ಟೆಯಾಗಿ ಸುಲಿದು, ಹೋಳು ಮಾಡಿ, ಹಡಗಿನ ಮೇಲೇ ಇದ್ದ ಇಟ್ಟಿಗೆ ಒಲೆಯ ಕಡಾಯಿಗಳಲ್ಲಿ ಕಾಯಿಸಿ, ಪೀಪಾಯಿಗೆ ತುಂಬುವವರೆಗೂ ವೇಲಿಂಗೇ. ಎಣ್ಣೆಯ ಮಾತು ಬಂದಲ್ಲಿ ‘ತಿಮಿಂಗಿಲ ಬೇಟೆಯ ಕಸುಬು’ ಎನ್ನಿ. ಬ್ಲಬರ್‌ಗೆ ‘ನೆಣ’ ಇದೆಯಲ್ಲ, ಹೊಸದು ಯಾಕೆ?

ಹಾರ್ಪೂನ್ ಹಾಗೇ ಇರಲಿ. ‘ಈಟಿ’ ಎಂದರೆ ಮುಂದಿನ ಸಾಲಿನಲ್ಲೇ ಸಿಕ್ಕಿಬೀಳುತ್ತೀರಿ. ಹಾಯಿಹಡಗಿನ ಕಾಲದಲ್ಲಿ ಹಾರ್ಪೂನಿನ ಕೆಲಸ ಮುಖ್ಯವಾಗಿ ಹಿಡಿಯುವುದು: ಅದರ ಮುಳ್ಳು ಮಾಂಸಕ್ಕೆ ಕಚ್ಚಿಕೊಳ್ಳುತ್ತಿತ್ತು, ಹಗ್ಗ ದೋಣಿಯಲ್ಲಿರುತ್ತಿತ್ತು. ಪ್ರಾಣಿ ದಣಿದ ಮೇಲೆ ತಿವಿದು ಕೊಲ್ಲುತ್ತಿದ್ದದ್ದು ಬೇರೆಯದೇ ಉದ್ದನೆಯ ಈಟಿ. ಸ್ಫೋಟಕದ ಹಾರ್ಪೂನನ್ನು ತೋಪಿನಿಂದ ಹಾರಿಸುವುದು ನಾರ್ವೆಯ ಸ್ವೆಂಡ್ ಫೊಯ್ನ್ 1870ರಲ್ಲಿ ಪೇಟೆಂಟ್ ಪಡೆದ ವಿಧಾನ. ಅದನ್ನು ದೀಪದೆಣ್ಣೆಯ ಹಳೇ ಚಿತ್ರದ ಕೆಳಗೆ ಬರೆಯಬೇಡಿ.

ಬಾಗಲಕೋಟೆಯಿಂದ
ಬೇಟೆ ಸರಿ. ತಿಮಿಂಗಿಲ ಯಾಕೆ? ತಿಮಿ ಎಂಬ ದೊಡ್ಡ ಮೀನನ್ನು ನುಂಗುವುದು ತಿಮಿಂಗಿಲ. ‘ಗಿಲ’ (ನುಂಗುವುದು) ಮುಂದಿರುವುದರಿಂದ ನಡುವೆ ಮುಮಾಗಮ, ಅಂದರೆ ಒಂದು ‘ಮ್’ ಸೇರುತ್ತದೆ. ‘ತಿಮಿಂಗಲ’ ಎಂದು ಬರೆಯುವವರಿಗೆ ಇಷ್ಟೂ ತಿಳಿಯದು. ಹೆಮ್ಮರ, ಹೆಬ್ಬಾವು ಇರುವ ನುಡಿಗೆ ಹೆಮ್ಮೀನು ಭಾರವೇ? ‘ಹೆಮ್ಮೀನುಬೇಟೆ’ ಎನ್ನಿ.

ವಿಜಯಪುರದಿಂದ
ಹೆಮ್ಮೀನೂ ಮೀನೇ ಅಲ್ರೀ? ಈಗಷ್ಟ ಹೊರಗ ಹಾಕಿದ್ದನ್ನ ಹಿತ್ತಲ ಬಾಗಿಲಿಂದ ಒಳಗ ತಂದ್ರಿ.

ಬಾಗಲಕೋಟೆಯಿಂದ
ಮರಾಠಿಯ ದೇವಮಾಸಾದಲ್ಲಿ ಮೀನಿದೆ, ಜರ್ಮನ್ನರ ವಾಲ್‌ಫಿಶ್‌ನಲ್ಲೂ ಮೀನಿದೆ. ಅಲ್ಲಿಯ ಮಕ್ಕಳು ಜೀವಶಾಸ್ತ್ರ ಕಲಿಯಲಿಲ್ಲವೇ? ಹಳೆ ಇಂಗ್ಲಿಷಿನ ‘ಹ್ವಾಲ್’ ಕೂಡ ಬಿಗಿಯಾದ ಪದವಲ್ಲ. ಕೋರೆಹಲ್ಲಿನ ಕಡಲಪ್ರಾಣಿ ವಾಲ್ರಸ್ಸಿಗೆ ‘ಕುದುರೆ ಹ್ವಾಲ್’ ಎನ್ನುತ್ತಿದ್ದರು. ಪದಗಳು ಪ್ರಾಣಿಶಾಸ್ತ್ರದ ಪರೀಕ್ಷೆ ಬರೆಯಬೇಕಿಲ್ಲ. ಸಂಸ್ಕೃತದ ಸಾಲ ಮಾತ್ರ ಸಾಲವಲ್ಲ ಎಂಬ ಚಟ ಬಿಡಿ.

ವಿಜಯಪುರದಿಂದ
ಸಾಲಾನೋ ಸ್ವಂತದ್ದೋ, ಓದಿದ ಕೂಡಲೇ ಮಕ್ಕಳಿಗೆ ತಿಳಿಯೋದು ತಿಮಿಂಗಿಲ. ಮನುಷ್ಯನಿಗೆ ‘ಬೇಟೆಗಾರ’. 9ನೇ ಶತಮಾನದ ಹಳೆ ಇಂಗ್ಲಿಷಿನಾಗೂ ‘ಹ್ವಾಲ್‌ಹುಂಟ’ ಅಂತ ಐತಿ, ಹುಂಟ ಅಂದ್ರ ಬೇಟೆಗಾರನೇ.

ಬಾಗಲಕೋಟೆಯಿಂದ
ಬೇಟೆಗಾರದ ಗಾರವೂ ಸಂಸ್ಕೃತದ ಕಾರ. ಅಚ್ಚಗನ್ನಡದಲ್ಲಿ ಬೇಡ. ಹೆಮ್ಮೀನುಬೇಡ.

ವಿಜಯಪುರದಿಂದ
ಓದಿದವ್ರು ದೊಡ್ಡ ಮೀನು ಬ್ಯಾಡ ಅಂತ ತಿಳಕೊಂಡು ಮುಂದಿನ ಫಲಕಕ್ಕ ಹೋಗ್ತಾರ.

ಬೆಳಗಾವಿಯಿಂದ
ಇಬ್ಬರಿಗೂ ಕೈಮುಗಿದು ಕೇಳುತ್ತೇನೆ, ಹಡಗಿಗೆ ಏನು ಬರೆಯಲಿ?

ವಿಜಯಪುರದಿಂದ
‘ಬೇಟೆ ಹಡಗು’. ಹಿಂಬದಿಯ ಇಳಿಜಾರಿನಿಂದ ಹೆಣವನ್ನ ಮೇಲಕ್ಕ ಎಳಕೊಳ್ಳೋ ಚಿತ್ರ ಇದ್ರ ಅದು 1925ರ ನಂತರದ್ದು, ‘ಕಾರ್ಖಾನೆ ಹಡಗು’ ಅಂತ ಬರೀರಿ. ಅದು ಬೇಟೆ ಆಡೂದಿಲ್ಲ, ಸಣ್ಣ ಹಡಗು ಕೊಂದು ತಂದಿದ್ದನ್ನ ಕೊಯ್ದು ಕಾಯಿಸ್ತದ.